ಡೊಳ್ಳುಹೊಟ್ಟೆಯ ಮರಕ್ಕೆ ಯಾರ ಅಂಗಳ?

ಒಣನೆಲದಲ್ಲಿ ಮನೆತೋಟ ಮಾಡುವವರ ಆಸೆಯ ಪಟ್ಟಿಗೆ ಈಚೆಗೆ ಆಸ್ಟ್ರೇಲಿಯಾದ ಬಾಟಲಿ ಮರವೂ ಸೇರಿಕೊಂಡಿದೆ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಈ ಮರಕ್ಕೆ ಸಸ್ಯಶಾಸ್ತ್ರದಲ್ಲಿ ಬ್ರಾಕಿಕೈಟನ್ ರೂಪೆಸ್ಟ್ರಿಸ್ ಎಂದು ಹೆಸರು. ಸರ್ವೇ ಅಧಿಕಾರಿ ಥಾಮಸ್ ಮಿಚೆಲ್ 1845-46ರ ತನ್ನ ಒಳನಾಡಿನ ಪಯಣದಲ್ಲಿ ಅದನ್ನು ಕಂಡು ಬರೆದಿಟ್ಟ. 1848ರಲ್ಲಿ ಜಾನ್ ಲಿಂಡ್ಲಿ ಶಾಸ್ತ್ರೀಯವಾಗಿ ವರ್ಣಿಸಿದ. ನೀರು ಹಿಡಿದಿಟ್ಟುಕೊಂಡು ಉಬ್ಬಿದ ಕಾಂಡ, ಮೇಲೆ ಸಾಧಾರಣವಾದ ಹಸಿರು ತಲೆ, ಬರಗಾಲಕ್ಕೆ ಜಗ್ಗದ ಜೀವ ಇವಿಷ್ಟು ಅದರ ಗುಣ. ಅಫಜಲಪುರ ತಾಲೂಕಿನ ಅತನೂರಿನಂಥ ಊರಿನಲ್ಲಿ ಇದು ಬೆಳೆದೀತೇ ಎಂದು ಕೇಳಿದರೆ, ಉತ್ತರ ಕೊಡುವುದು ಕಷ್ಟವಲ್ಲ. ಅದರ ತವರಿನಲ್ಲೂ ಬೇಸಿಗೆಯಲ್ಲಿ ಬಾಯಿ ಬಿಡುವ ಜೇಡಿಮಣ್ಣಿದೆ, ಭೀಮೆಯ ಬಯಲಿನಲ್ಲೂ ಎರೆಭೂಮಿ ಬಿರಿಯುತ್ತದೆ. ಅಲ್ಲಿಯೂ ಮಳೆ ಕಡಿಮೆ, ಬಿಸಿಲು ಜೋರು. ಮಣ್ಣು, ಮಳೆ, ಬಿಸಿಲು ಮೂರೂ ಬೇಡವೆನ್ನುವುದಿಲ್ಲ. ಆದರೆ ಒಂದು ಪರದೇಶದ ಮರ ಒಂದು ಊರಿನಲ್ಲಿ ನೆಲೆ ನಿಲ್ಲುವುದು ಮಣ್ಣಿನ ಒಪ್ಪಿಗೆಯಿಂದ ಮಾತ್ರವಲ್ಲ. ಅದನ್ನು ಯಾರ ಅಂಗಳದಲ್ಲಿ ನೆಟ್ಟರು, ಆ ಅಂಗಳ ಎಷ್ಟು ಕಾಲ ಒಡೆಯದೆ ಉಳಿಯಿತು ಎಂಬುದರ ಮೇಲೂ ಅದರ ಬಾಳು ನಿಂತಿದೆ. ಇದು ಊಹೆಯ ಮಾತಲ್ಲ. ದಖನ್ನಿನಲ್ಲಿ ಹೊಟ್ಟೆ ಬಿಟ್ಟ ಪರದೇಶಿ ಮರವೊಂದು ಶತಮಾನಗಳಿಂದ ಬಾಳಿಕೊಂಡು ಬಂದಿದೆ, ಅದರ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಆ ಮರ ಆಫ್ರಿಕದ ಬಾವೊಬಾಬ್. ಕನ್ನಡದಲ್ಲಿ ದೊಡ್ಡಹುಣಸೆ, ಆನೆಹುಣಸೆ ಎನ್ನುತ್ತಾರೆ, ಮಹಾರಾಷ್ಟ್ರದ ಕಡೆ ಗೋರಖ ಚಿಂಚ. ಬಾಟಲಿ ಮರಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯುಂಟು. ಎರಡೂ ದಾಸವಾಳದ ಕುಟುಂಬಕ್ಕೆ ಸೇರಿದವು, ಅತನೂರಿನ ಹೊಲದ ಹತ್ತಿಯೂ ಹಿತ್ತಲಿನ ಬೆಂಡೆಯೂ ಅದೇ ಕುಟುಂಬದವು. ಇನ್ನೂ ಹತ್ತಿರದ ನಂಟು ಬೇಕೆಂದರೆ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕಿಂಬರ್ಲಿಗೆ ಹೋಗಬೇಕು. ಅಲ್ಲಿ ಬೋಆಬ್ ಎಂಬ ಮರವಿದೆ, ಅದನ್ನೂ ಜನ ಬಾಟಲಿ ಮರವೆಂದೇ ಕರೆಯುವುದುಂಟು. ಅದು ಬಾವೊಬಾಬಿನ ಸ್ವಂತ ಒಡಹುಟ್ಟು. ಈ ಕುಲದ ಎಂಟು ಪ್ರಭೇದಗಳಲ್ಲಿ ಆರು ಮಡಗಾಸ್ಕರಿನವು, ಒಂದು ಆಫ್ರಿಕದ್ದು, ಒಂದು ಆಸ್ಟ್ರೇಲಿಯಾದ್ದು. ನಮ್ಮಲ್ಲಿರುವುದು ಆಫ್ರಿಕದ್ದು. ಬೇಸಿಗೆಯ ಉದ್ದಕ್ಕೂ ಎಲೆಯಿಲ್ಲದೆ ಬೋಳಾಗಿ ನಿಲ್ಲುವ ಈ ಮರ ಮಳೆ ಬಿದ್ದ ಮೇಲೆ ಐದಾರು ಬೆರಳಿನ ಅಂಗೈಯಂಥ ಎಲೆ ಹೊರಡಿಸುತ್ತದೆ. ಉದ್ದ ತೊಟ್ಟಿನಲ್ಲಿ ತಲೆಕೆಳಗಾಗಿ ತೂಗುವ ಬಿಳಿ ಹೂವು ಸಂಜೆ ಅರಳಿ ಒಂದೇ ರಾತ್ರಿ ಇದ್ದು ಬಾಡುತ್ತದೆ, ಬಾವಲಿಗಳು ಅದರ ಪರಾಗ ಹೊತ್ತೊಯ್ಯುತ್ತವೆ. ಕಾಯಿಯ ಮೇಲೆ ಮಖಮಲ್ಲಿನಂಥ ನವಿರು, ಒಳಗೆ ಗಟ್ಟಿ ಚಿಪ್ಪು, ಚಿಪ್ಪಿನೊಳಗೆ ಬೀಜಗಳನ್ನು ಸುತ್ತಿಕೊಂಡ ಹುಳಿಯಾದ ಬಿಳಿ ಒಣಹಿಟ್ಟು. ಬೇಗ ಕೆಡದ ಈ ಹಣ್ಣು ತಿಂಗಳುಗಟ್ಟಲೆಯ ಹಡಗಿನ ಪಯಣಕ್ಕೆ ಹೇಳಿ ಮಾಡಿಸಿದಂತಿದೆ. ಮರ ಇಲ್ಲಿಗೆ ಬಂದ ದಾರಿಯನ್ನು ಊಹಿಸುವಾಗ ಇದು ನೆನಪಿರಬೇಕು.

ಬಂದ ದಾರಿ ಯಾವುದು? ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೇ ಕಲ್ಮಠದಲ್ಲಿರುವ ಮೂರು ಮಹಾವೃಕ್ಷಗಳನ್ನು ಶ್ರೀಕೃಷ್ಣ ನೆಟ್ಟನೆಂದು ಐತಿಹ್ಯ ಹೇಳುತ್ತದೆ. ಬೇರೆ ಕಡೆಯ ಮರಗಳಿಗೆ ಗೋರಖನಾಥರ ಹೆಸರು ಅಂಟಿಕೊಂಡಿದೆ. ಈ ಕಥೆಗಳ ಬೆನ್ನಿಗೆ ಮರಗಳು ಎರಡು ಸಾವಿರ, ಮೂರು ಸಾವಿರ ವರ್ಷದವೆಂಬ ಲೆಕ್ಕವೂ ಬರುತ್ತದೆ. ಬಾವೊಬಾಬಿನ ವಯಸ್ಸನ್ನು ದಪ್ಪ ನೋಡಿ ಹೇಳುವುದು ಕಷ್ಟ. ಅದರ ಮೆದು ಮರದಲ್ಲಿ ವರ್ಷದ ಉಂಗುರಗಳು ನಂಬಿಕೆಗೆ ಅರ್ಹವಲ್ಲ, ಹಲವು ಕಾಂಡಗಳು ಬೆಸೆದು ಒಂದೇ ಮರದಂತೆ ಕಾಣುವುದೂ ಉಂಟು. ರೇಡಿಯೋ ಕಾರ್ಬನ್ ಪರೀಕ್ಷೆ ಮಾಡಿದ ಆಡ್ರಿಯನ್ ಪಾಟ್ರುಟ್ ಮತ್ತು ಸಂಗಡಿಗರು 2020ರಲ್ಲಿ ಉತ್ತರ ಪ್ರದೇಶದ ಎರಡು ಪ್ರಸಿದ್ಧ ಮರಗಳ ಫಲಿತಾಂಶ ಪ್ರಕಟಿಸಿದರು. ಪ್ರಯಾಗದ ಎದುರಿನ ಝೂಸಿಯ ಮರಕ್ಕೂ ಕಿಂತೂರಿನ ಪಾರಿಜಾತವೆಂದು ಪೂಜೆಗೊಳ್ಳುವ ಮರಕ್ಕೂ ಸುಮಾರು 750ರಿಂದ 800 ವರ್ಷ. ಕಿಂತೂರಿನದನ್ನು ಮಹಾಭಾರತದ ಕಾಲದ್ದೆಂದು ನಂಬುತ್ತಾರೆ. ಇದರಿಂದ ಸವಣೂರಿನ ಮರಗಳ ವಯಸ್ಸು ಇಷ್ಟೇ ಎಂದು ತೀರ್ಮಾನಿಸಲಾಗದು. ಆದರೆ ದಪ್ಪ ನೋಡಿ ಸಾವಿರಗಳಲ್ಲಿ ಎಣಿಸುವ ರೂಢಿಗೆ ಆಧಾರ ತೆಳುವೆಂದು ಮಾತ್ರ ಖಂಡಿತ.

ವಂಶವಾಹಿಗಳ ಸಾಕ್ಷ್ಯ ಇನ್ನೂ ಸ್ಪಷ್ಟ. ಕರೆನ್ ಬೆಲ್, ಹರಿಪ್ರಿಯಾ ರಂಗನ್ ಮೊದಲಾದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಬಾವೊಬಾಬುಗಳನ್ನು ಆಫ್ರಿಕದವುಗಳೊಡನೆ ಹೋಲಿಸಿ ನೋಡಿದರು. ಮರ ಇಲ್ಲಿಗೆ ಒಂದೇ ಸಲವಲ್ಲ, ಆಫ್ರಿಕದ ಬೇರೆ ಬೇರೆ ಎಡೆಗಳಿಂದ ಹಲವು ಸಲ ಬಂದಿದೆ ಎಂದು ಅವರು ಕಂಡುಕೊಂಡರು. ಹತ್ತರಿಂದ ಹದಿನೇಳನೇ ಶತಮಾನದವರೆಗೆ ಸ್ವಾಹಿಲಿ-ಅರಬ್ ವ್ಯಾಪಾರದ ಜಾಲ, ಹದಿನಾರನೇ ಶತಮಾನದಿಂದ ಯುರೋಪಿನವರ ಹಡಗುಗಳು ಅದನ್ನು ತಂದಿರಬೇಕೆಂದು ಅವರ ವಾದ. ಕಡಲಲೆಗಳೇ ಕಾಯಿಯನ್ನು ತೇಲಿಸಿ ತಂದಿರಬಾರದೇಕೆ ಎಂದು ಕೇಳಬಹುದು. 2024ರ ಒಂದು ಸಂಶೋಧನೆಯ ಪ್ರಕಾರ ಈ ಕುಲ ಹುಟ್ಟಿದ್ದು ಮಡಗಾಸ್ಕರಿನಲ್ಲಿ, ಆಫ್ರಿಕಕ್ಕೂ ಆಸ್ಟ್ರೇಲಿಯಾಕ್ಕೂ ಅದು ಹೋದದ್ದು ನೀರಿನ ಮೇಲೆಯೇ. ಆದರೆ ಅದು ಲಕ್ಷಾಂತರ ವರ್ಷಗಳ ಹಿಂದಿನ ಮಾತು, ಅಷ್ಟು ಕಾಲ ಬೇರೆಯಾಗಿದ್ದ ಕಾರಣಕ್ಕೇ ಆಸ್ಟ್ರೇಲಿಯಾದ್ದು ಬೇರೆ ಪ್ರಭೇದವಾಯಿತು. ನಮ್ಮ ಮರಗಳು ಆಫ್ರಿಕದವುಗಳಿಂದ ಹಾಗೆ ದೂರ ಸರಿದಿಲ್ಲ. ಇನ್ನೊಂದು ಗುರುತೂ ಇದೆ. ತಾನಾಗಿ ಬಂದ ಮರ ಕಾಡಿನಲ್ಲಿ ಹಬ್ಬಬೇಕಿತ್ತು, ಬಾವೊಬಾಬ್ ನಮ್ಮಲ್ಲಿ ಕಾಣುವುದು ಬಹುಮಟ್ಟಿಗೆ ಮನುಷ್ಯ ನೆಲೆಸಿದ ಕಡೆ.

ಆ ಮನುಷ್ಯರು ಯಾರೆಂಬುದಕ್ಕೆ ಭೀಮೆಯ ಬಯಲಿನ ರಾಜಕೀಯ ಚರಿತ್ರೆ ಒಂದು ಉತ್ತರ ಕೊಡುತ್ತದೆ. 1347ರಲ್ಲಿ ಗುಲ್ಬರ್ಗ ಬಹಮನಿ ರಾಜಧಾನಿಯಾಯಿತು. 1400ರ ಹೊತ್ತಿಗೆ ಫಿರೋಜ್ ಶಹಾ ಭೀಮೆಯ ದಂಡೆಯಲ್ಲೇ ಫಿರೋಜಾಬಾದ್ ಕಟ್ಟಿಸಿದ. ದಾಭೋಳ, ಚೌಲ್ ಬಂದರುಗಳಿಂದ ಅರಬ್ಬಿ ಕುದುರೆಗಳ ಜೊತೆಗೆ ಆಫ್ರಿಕದಿಂದ ಗುಲಾಮರಾಗಿ ತಂದ ಸೈನಿಕರೂ ಘಟ್ಟ ಹತ್ತಿ ದಖನ್ನಿಗೆ ಬಂದರು. ಅವರನ್ನೇ ಹಬಸಿಗಳೆಂದರು, ಸಿದ್ದಿಗಳೆಂದರು. ಬೀದರಿನಲ್ಲಿ ಹಬಸಿ ಕೋಟೆಯೆಂಬ ಗುಡ್ಡ ಇಂದಿಗೂ ಅವರ ಹೆಸರು ಹೊತ್ತಿದೆ. ಇಥಿಯೋಪಿಯಾದಲ್ಲಿ ಹುಟ್ಟಿ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ವಿಜಯಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನ್, ಸಿದ್ದಿ ಮಸೂದ್‌ರಂಥ ಹಬಸಿ ಸರದಾರರು ದರಬಾರಿನ ಕೀಲಿಕೈ ಹಿಡಿದವರು. ಹಳೆಯ ಬಾವೊಬಾಬುಗಳ ನಕ್ಷೆಯನ್ನು ಈ ರಾಜ್ಯಗಳ ನಕ್ಷೆಯ ಮೇಲಿಟ್ಟರೆ ಎರಡೂ ಬಹಳಷ್ಟು ಕಡೆ ಹೊಂದುತ್ತವೆ. ವಿಜಯಪುರದಲ್ಲಿವೆ, ಗೋಲ್ಕೊಂಡದ ನಯಾ ಕಿಲಾದಲ್ಲಿ ಇಪ್ಪತ್ತೈದು ಮೀಟರಿಗೂ ಮಿಕ್ಕ ಸುತ್ತಳತೆಯ ಮರವಿದೆ, ಆದಿಲಶಾಹಿ ಆಳಿಕೆಗೆ ಒಳಪಟ್ಟಿದ್ದ ಸವಣೂರು-ಬಂಕಾಪುರ ಸೀಮೆಯಲ್ಲಿವೆ. ಹಬಸಿಯೊಬ್ಬ ಇಂಥ ದಿನ ಬೀಜ ಊರಿದನೆಂಬ ಕಾಗದ ಸಿಗುವುದಿಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೆ ಹುಣಸೆಗೂ ಅಂಥ ಕಾಗದವಿಲ್ಲ, ಜೋಳಕ್ಕೂ ಇಲ್ಲ. ಗುಲಾಮರ ಗಂಟಿನಲ್ಲಿ ಏನಿತ್ತೆಂದು ಬರೆದಿಡುವ ಕೆಲಸ ಯಾವ ಆಸ್ಥಾನದ ಕರಣಿಕನದೂ ಆಗಿರಲಿಲ್ಲ. ಬಂದರು, ಸೈನ್ಯ, ಮರ ಮೂರೂ ಒಂದೇ ದಿಕ್ಕು ತೋರಿಸುವಾಗ ಅದನ್ನು ಸಂಭವನೀಯವೆಂದು ಒಪ್ಪುವುದು ತಪ್ಪಲ್ಲ.

ಜೋಳದ ಮಾತು ಬಂದದ್ದರಿಂದ ಮುಖ್ಯ ಪ್ರಶ್ನೆ ಎದುರಾಗುತ್ತದೆ. ಕಲಬುರಗಿ ಸೀಮೆಯ ಗಂಗಾಳದಲ್ಲಿ ದಿನವೂ ಇರುವ ಜೋಳದ ರೊಟ್ಟಿ ಆಫ್ರಿಕದಲ್ಲಿ ಪಳಗಿದ ಧಾನ್ಯದ್ದು. ಸಜ್ಜೆಯೂ ರಾಗಿಯೂ ಹಾಗೆಯೇ, ಹುಣಸೆಯ ಮೂಲವೂ ಆಫ್ರಿಕವೇ. ಇವೆಲ್ಲ ಸಾವಿರಾರು ವರ್ಷಗಳ ಹಿಂದೆ ಬಂದು ಹೊಲ, ಹಿತ್ತಲು, ಅಡುಗೆಮನೆ ಎಲ್ಲವನ್ನೂ ಸೇರಿಕೊಂಡು ಪರದೇಶದವೆಂಬ ಗುರುತನ್ನೇ ಕಳೆದುಕೊಂಡವು. ಅದೇ ಆಫ್ರಿಕದಿಂದ ಬಂದ ದೊಡ್ಡಹುಣಸೆ ಮಾತ್ರ ಏಕೆ ಮನೆಯ ಹಿತ್ತಲಿಗೆ ಬರಲಿಲ್ಲ? ಹೆಸರಾದ ಹಳೆಯ ಮರಗಳು ನಿಂತಿರುವ ಜಾಗ ನೋಡಿದರೆ ಸವಣೂರಿನಲ್ಲಿ ಮಠ, ವಿಜಯಪುರದಲ್ಲಿ ದರ್ಗಾ-ಗುಮ್ಮಟಗಳ ಆಸುಪಾಸು, ಗೋಲ್ಕೊಂಡದಲ್ಲಿ ಕೋಟೆ, ಕಿಂತೂರಿನಲ್ಲಿ ಪೂಜೆಯ ಕಟ್ಟೆ. ಮನೆಯ ಹಿತ್ತಲಿನ ಬಾವೊಬಾಬ್ ಎಂದು ಹೆಸರು ಪಡೆದದ್ದು ಇವುಗಳಲ್ಲಿ ಒಂದೂ ಇಲ್ಲ.

ಇದಕ್ಕೊಂದು ಬಲವಾದ ಎದುರು ಮಾತಿದೆ. ಪಶ್ಚಿಮ ಆಫ್ರಿಕದ ಹಳ್ಳಿಗಳಲ್ಲಿ ಬಾವೊಬಾಬ್ ಮನೆಗಳ ಪಕ್ಕದಲ್ಲೇ ಇರುತ್ತದೆ, ಮನೆತನದ ಆಸ್ತಿಯಾಗಿಯೂ ಇರುತ್ತದೆ. ಹಾಗಾದರೆ ಮನೆಯಂಗಳಕ್ಕೆ ಅದು ಒಗ್ಗದೆಂದು ಹೇಗೆ ಹೇಳುವುದು? ಈ ಆಕ್ಷೇಪವೇ ಉತ್ತರದ ದಾರಿ ತೋರಿಸುತ್ತದೆ. ಅಲ್ಲಿ ಅದರ ಎಲೆ ನಿತ್ಯದ ಸೊಪ್ಪು, ಒಣಗಿಸಿ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಹಣ್ಣಿನ ಹಿಟ್ಟು ಪಾನಕಕ್ಕೆ, ತೊಗಟೆಯ ನಾರು ಹಗ್ಗಕ್ಕೆ. ಅಡುಗೆಮನೆಗೆ ಬೇಕಾದ ಮರ ಅಡುಗೆಮನೆಯ ಪಕ್ಕದಲ್ಲೇ ಉಳಿಯಿತು. ದಖನ್ನಿಗೆ ಮರ ಬಂತು, ಅದರ ಅಡುಗೆ ಬೇರೂರಲಿಲ್ಲ. ಹಬಸಿಗಳು ಬಹುಪಾಲು ಸೈನಿಕರಾಗಿ ಬಂದ ಗಂಡಸರು. ಇಲ್ಲಿನ ಮನೆತನಗಳಲ್ಲಿ ಬೆರೆತು, ಇಲ್ಲಿನ ರೊಟ್ಟಿ-ಪಲ್ಯವನ್ನೇ ಉಂಡವರು. ಎಲೆ ಕೊಯ್ದು ಸಾರು ಮಾಡುವ ತಿಳಿವಳಿಕೆ ತಾಯಿಯಿಂದ ಮಗಳಿಗೆ ದಾಟುವ ದಾರಿ ಅಲ್ಲಿಗೇ ಕಡಿದಿರಬೇಕು. ಹುಳಿ ಬೇಕಾದವರಿಗೆ ಹುಣಸೆ ಆಗಲೇ ಇತ್ತು. ಉಪಯೋಗ ತಪ್ಪಿದ ಮರಕ್ಕೆ ಉಳಿದದ್ದು ವಿಸ್ಮಯ ಮತ್ತು ಭಕ್ತಿ, ಅವೆರಡಕ್ಕೂ ಜಾಗ ಇದ್ದದ್ದು ಮಠದಲ್ಲಿ, ದರ್ಗಾದಲ್ಲಿ.

ಹಿತ್ತಲಿನಲ್ಲಿಯೂ ನೆಟ್ಟಿರಬಹುದು, ಅವು ಕಾಲಾಂತರದಲ್ಲಿ ಅಳಿದಿರಬಹುದು, ಉಳಿದವನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯೇ ಎಂದು ಇನ್ನೊಬ್ಬರು ಕೇಳಿಯಾರು. ಕೇಳಬೇಕಾದ ಮಾತೇ. ಆದರೆ ಅದು ಈ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಮನೆಯ ಅಂಗಳವೆಂಬುದು ಮೂರು ತಲೆಮಾರಿಗೊಮ್ಮೆ ಹಿಸ್ಸೆಯಾಗುವ ಜಾಗ. ಅಣ್ಣತಮ್ಮಂದಿರು ಪಾಲಾದಾಗ ನಡುಗೋಡೆ ಏಳುತ್ತದೆ, ಮಗನ ಲಗ್ನಕ್ಕೆ ಇನ್ನೊಂದು ಕೋಣೆ ಬೇಕಾಗುತ್ತದೆ, ದನದ ಕೊಟ್ಟಿಗೆ ಜರುಗುತ್ತದೆ. ಬೇವಿನ ಗಿಡವಾದರೆ ನೆರಳಿಗೆ, ಕಡ್ಡಿಗೆ, ಕಟ್ಟಿಗೆಗೆ ಬೇಕು. ಕಡಿದರೂ ಇನ್ನೊಂದು ತಾನೇ ಏಳುತ್ತದೆ. ಹತ್ತು ಮೀಟರು ಸುತ್ತಳತೆಗೆ ಬೆಳೆಯುವ, ತೊಲೆಗೂ ಬಾರದ, ಒಲೆಗೂ ಆಗದ ಮರವನ್ನು ಪಾಲುಪಟ್ಟಿಯಲ್ಲಿ ಯಾರ ಪಾಲಿಗೆ ಹಾಕುವುದು? ಮಠಕ್ಕೆ ಹಿಸ್ಸೆಯಿಲ್ಲ, ದರ್ಗಾಕ್ಕೆ ಪಾಲುದಾರರಿಲ್ಲ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ, ಅಂಗಳ ಒಂದೇ ಇರುತ್ತದೆ. ಶತಮಾನಗಟ್ಟಲೆ ಬಾಳುವ ಮರಕ್ಕೆ ಶತಮಾನಗಟ್ಟಲೆ ಒಡೆಯದ ನೆಲ ಬೇಕು.

ಬಾಟಲಿ ಮರದ ತವರಿನಲ್ಲೂ ಇದೇ ಕಥೆ ಬೇರೆ ರೂಪದಲ್ಲಿ ನಡೆದಿದೆ. ಕ್ವೀನ್ಸ್‌ಲ್ಯಾಂಡಿನ ರೈತರು ಬ್ರಿಗಲೋ ಎಂಬ ಮರಗಳ ಕಾಡು ಕಡಿದು ಹೊಲ, ಹುಲ್ಲುಗಾವಲು ಮಾಡುವಾಗ ಬಾಟಲಿ ಮರವನ್ನು ಹಲವೆಡೆ ಹಾಗೇ ಬಿಟ್ಟರು. ನೆರಳಿಗಾಯಿತು, ಬರಗಾಲಕ್ಕೆ ಮೇವೂ ಆಯಿತು. ಮೇವು ತೀರಿದ ವರ್ಷ ಮರ ಕೆಡವಿ, ತೊಗಟೆ ಸೀಳಿ, ಒಳಗಿನ ಹಸಿ ತಿರುಳನ್ನು ದನಗಳಿಗೆ ಬಿಡುತ್ತಿದ್ದರು. ಸ್ವಂತ ನೆಲದ ಮರ ಕಷ್ಟಕಾಲಕ್ಕೆ ಕರಗುವ ಗಂಟು. ಅದೇ ಸೀಮೆಯ ರೋಮಾ ಪಟ್ಟಣದಲ್ಲಿ ಬೇರೊಂದು ಬಗೆ ಕಾಣುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಊರ ಹುಡುಗರ ನೆನಪಿಗೆ 1918ರಿಂದ ಬೀದಿಯ ಉದ್ದಕ್ಕೆ ಬಾಟಲಿ ಮರಗಳನ್ನು ನೆಟ್ಟರು. ಸತ್ತವನೊಬ್ಬನಿಗೆ ಒಂದು ಮರದಂತೆ 93 ಮರಗಳು, ಒಂದೊಂದಕ್ಕೂ ಒಬ್ಬೊಬ್ಬನ ಹೆಸರು. ಆ ಬೀದಿ ಇಂದು ಪಾರಂಪರಿಕ ಸ್ಥಳ. ಮೇವಿಗೆ ಕಡಿಯಬಹುದಾದ ಮರವೇ ಹೆಸರು ಹೊತ್ತು ಊರ ಅಂಗಳಕ್ಕೆ ಬಂದಾಗ ಕಡಿಯಲಾಗದ ಮರವಾಯಿತು. ಕಿಂಬರ್ಲಿಯ ಬೋಆಬ್‌ನ ಮೇಲೂ, ವಂಶವಾಹಿ ಮತ್ತು ಭಾಷೆ ಎರಡನ್ನೂ ಹಿಡಿದು ರಂಗನ್ ಮತ್ತು ಸಂಗಡಿಗರು 2015ರಲ್ಲೇ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಮೂಲನಿವಾಸಿಗಳು ಕಾಯಿ ಹೊತ್ತು ನಡೆದ ದಾರಿಯಲ್ಲೇ ಮರ ಒಳನಾಡಿಗೆ ಹಬ್ಬಿತೆಂದು ಅದರ ಸಾರ. ಅಂದರೆ ಈ ಮರಗಳ ಭೂಗೋಳವನ್ನು ಮಳೆಯ ಜೊತೆಗೆ ಮನುಷ್ಯರ ನೆನಪೂ ಹಸಿವೂ ಬರೆದಿವೆ.

ಆಸ್ಟ್ರೇಲಿಯಾದ ಮರವೆಂದ ಕೂಡಲೇ ಕರ್ನಾಟಕದಲ್ಲಿ ನೀಲಗಿರಿಯ ನೆನಪು ಬರುವುದು ಸಹಜ. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರ ಹೊತ್ತಿಗೆ, ನಂದಿಬೆಟ್ಟಕ್ಕೆ ಬಂದದ್ದೆಂದು ಹೇಳಲಾಗುವ ನೀಲಗಿರಿ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಬಯಲುಸೀಮೆಯ ಹೊಲ, ಗೋಮಾಳಗಳನ್ನು ತುಂಬಿತು. ಅಂತರ್ಜಲದ ಆತಂಕ ಬೆಳೆದು 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಬೇಕಾಯಿತು. ಹಾಗಿರುವಾಗ ಮತ್ತೊಂದು ಆಸ್ಟ್ರೇಲಿಯಾದ ಮರವನ್ನು ಯಾಕೆ ಕರೆಯಬೇಕು ಎಂಬ ಪ್ರಶ್ನೆಗೆ ಹಾವೇರಿ ಜಿಲ್ಲೆಯಲ್ಲೇ ಉತ್ತರವಿದೆ. ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. ಅದೇ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ಅದೇ ಜಿಲ್ಲೆಯ ಸವಣೂರಿನಲ್ಲಿ 2023ರ ಮಳೆಗಾಲದಲ್ಲಿ ದೊಡ್ಡಹುಣಸೆಯ ಒಂದು ಮರ ಬುಡಸಮೇತ ಉರುಳಿದಾಗ ಕ್ರೇನ್ ತರಿಸಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಎರಡೂ ಪರದೇಶದ ಮರಗಳೇ. ಒಂದನ್ನು ಕಿತ್ತರು, ಇನ್ನೊಂದನ್ನು ಎತ್ತಿ ನೆಟ್ಟರು. ಕುಸನೂರಿನ ಜಗಳ ಮರದ ಹುಟ್ಟೂರಿನ ಮೇಲೆ ಆದದ್ದಲ್ಲ. ದನ ಮೇಯುವ, ಕಟ್ಟಿಗೆ ಆಯುವ ಊರೊಟ್ಟಿನ ನೆಲ ಕಾರ್ಖಾನೆಯ ನಾರಿಗಾಗಿ ಕಂಪನಿಯ ಕೈ ಸೇರಿದ್ದರ ಮೇಲೆ ಆದದ್ದು. ಸವಣೂರಿನ ಮರ ಎಲ್ಲರ ಅಂಗಳದಲ್ಲಿ ಎಲ್ಲರದಾಗಿ ನಿಂತಿತ್ತು. ನೀರು ಕುಡಿಯುವ ಲೆಕ್ಕದಲ್ಲಿಯೂ ಸಾಲುಸಾಲಾಗಿ ಒತ್ತಿ ನೆಟ್ಟು ಏಳೆಂಟು ವರ್ಷಕ್ಕೆ ಕಡಿಯುವ ಸಾವಿರಾರು ಎಕರೆಯ ತೋಪಿಗೂ ಊರಿಗೊಂದರಂತೆ ನಿಲ್ಲುವ ಮರಕ್ಕೂ ಹೋಲಿಕೆಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮನೆಯಲ್ಲೇ ಬೆಳೆಸಬೇಕೆನ್ನುವವರ ಪರವಾಗಿ ಒಂದು ಮಾತು ಉಳಿಯುತ್ತದೆ. ಬಾಟಲಿ ಮರದ ಹೊಟ್ಟೆ ಕಾಣಿಸಿಕೊಳ್ಳಲು ಶತಮಾನ ಬೇಕಿಲ್ಲ, ಐದರಿಂದ ಎಂಟು ವರ್ಷಕ್ಕೆ ಅದರ ಆಕಾರ ಮೂಡತೊಡಗುತ್ತದೆ. ನೆಟ್ಟವನೇ ನೋಡಿ ಸಂತೋಷಪಡಬಹುದು. ಇದು ನಿಜ, ಕುಂಡದಲ್ಲಿ ಬೆಳೆಸುವವರಿಗೆ ಇಷ್ಟೇ ಸಾಕು ಕೂಡ. ಆದರೆ ನೆಲಕ್ಕಿಳಿದ ಮರದ ತೊಂದರೆ ಶುರುವಾಗುವುದು ಈ ಸಂತೋಷದ ಆಚೆ. ಕಾಂಡ ಎರಡು-ಮೂರು ಮೀಟರು ಅಡ್ಡಳತೆಗೆ ಹಿಗ್ಗಬಲ್ಲದು. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಎರೆಮಣ್ಣಿನಲ್ಲಿ ಮನೆಯ ಬುನಾದಿಗಳು ಮೊದಲೇ ಸಡಿಲ, ಪಕ್ಕದಲ್ಲಿ ದೊಡ್ಡ ಬೇರಿನ ಮರವಿದ್ದರೆ ಗೋಡೆಗೆ ಇನ್ನಷ್ಟು ಅಪಾಯ. ಕಾಯಿಯೊಳಗೆ ಬೀಜಗಳಿಗೆ ಅಂಟಿದ ಸಣ್ಣ ಮುಳ್ಳುಗೂದಲು ಮೈಗೆ ತಗುಲಿದರೆ ತುರಿಕೆ. ಮಕ್ಕಳು ಆಡುವ, ಜೋಳ ಒಣಹಾಕುವ ಅಂಗಳಕ್ಕೆ ಅದು ಹಿತವಲ್ಲ. ದೊಡ್ಡದಾದ ಮೇಲೂ ಕಿತ್ತು ಬೇರೆಡೆ ನೆಡಬಹುದೆಂಬ ಅನುಕೂಲ ಈ ಮರಕ್ಕಿದೆ ನಿಜ; ಇದರ ದೂರದ ನೆಂಟನಾದ ಕಿಂಬರ್ಲಿಯ ದೊಡ್ಡ ಬೋಆಬ್ ಒಂದನ್ನು 2008ರಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಪರ್ತ್‌ಗೆ ಲಾರಿಯಲ್ಲಿ ಸಾಗಿಸಿ ಸಾರ್ವಜನಿಕ ಉದ್ಯಾನದಲ್ಲಿ ನೆಟ್ಟಿದ್ದಾರೆ. ಆದರೆ ಅಂಥ ಖರ್ಚನ್ನು ಒಂದು ಮನೆತನ ಹೊರಲಾರದು, ಸರ್ಕಾರವೋ ಊರೋ ಹೊರಬೇಕು. ಕೊನೆಗೆ ಅಲ್ಲಿಯೂ ಮರ ಸೇರಿದ್ದು ಸಾರ್ವಜನಿಕ ನೆಲವನ್ನೇ.

ಹಾಗಾಗಿ ಅತನೂರಿನಲ್ಲೊಂದು ಬಾಟಲಿ ಮರ ಬೇಕೆನ್ನುವವರು ನರ್ಸರಿಗೆ ಹೋಗುವ ಮುನ್ನ ಊರ ನಕ್ಷೆ ನೋಡುವುದು ಒಳ್ಳೆಯದು. ಶಾಲೆಯ ಬಯಲು, ಗುಡಿಯ ಹಿಂದಿನ ಖಾಲಿ ಜಾಗ, ದರ್ಗಾದ ಆವರಣ, ಕೆರೆಯ ದಂಡೆ ಇಂಥವು ಹಿಸ್ಸೆಯಾಗದ ನೆಲಗಳು. ಎರೆಮಣ್ಣಿನಲ್ಲಿ ಮಳೆನೀರು ನಿಲ್ಲದ ದಿಬ್ಬ ನೋಡಿ, ಗೋಡೆಯಿಂದ ದೂರ ಒಂದೇ ಒಂದು ನೆಟ್ಟು, ಮೊದಲ ಕೆಲವು ಬೇಸಿಗೆ ಆಡು-ದನಗಳಿಂದ ಕಾಯ್ದರೆ ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಸಸಿಗಿಂತ ಹೆಚ್ಚು ಆರೈಕೆ ಬೇಕಾದದ್ದು ಅದಕ್ಕೂ ಊರಿಗೂ ನಡುವಿನ ನಂಟಿಗೆ. ರೋಮಾದವರು ಮಡಿದವರ ಹೆಸರು ಕೊಟ್ಟರು, ಸವಣೂರಿನವರು ಕೃಷ್ಣನ ಕಥೆ ಕೊಟ್ಟರು. ಅತನೂರು ತನ್ನದೇ ಕಾರಣ ಕಂಡುಕೊಳ್ಳಬೇಕು, ಯಾರದೋ ನೆನಪು, ಯಾವುದೋ ವರ್ಷದ ಬರ, ಶಾಲೆಯ ಒಂದು ತಂಡ, ಏನಾದರೂ ಸರಿ. ಅಡುಗೆಗೆ ಒದಗುವ ಮರವನ್ನು ಹಸಿವೇ ಕಾಯುತ್ತದೆ. ಒದಗದ ಮರವನ್ನು ಕಾಯಲು ಕಾರಣ ಬೇಕು, ಆ ಕಾರಣ ಒಬ್ಬನ ಆಯುಸ್ಸಿಗಿಂತ ಉದ್ದ ಇರಬೇಕು. ಅದು ಇಲ್ಲವೆಂದಾದರೆ ಹಿತ್ತಲಿಗೆ ಬೇವು, ನುಗ್ಗೆ, ಕರಿಬೇವು ಸಾಕು, ಬಾಟಲಿ ಮರ ಕುಂಡದಲ್ಲೇ ಇರಲಿ.